ಸೋರದ ಜಾಡಿ

ನಾನು ಒಂದು ಉಪ್ಪಿನಕಾಯಿ ಜಾಡಿ. ಈಗ ನನ್ನೊಳಗೆ ಉಪ್ಪಿನಕಾಯಿ ಇಲ್ಲ, ಮುಂದೆಂದೂ ಇರುವುದೂ ಇಲ್ಲ. ಆದರೂ ಹುಟ್ಟಿದ ಹೆಸರನ್ನು ಬಿಡಲು ಮನಸ್ಸಾಗುವುದಿಲ್ಲ. ಮೆರೆಯುವ ಆಸೆಯಿಂದ ನಾನು ನನ್ನ ಕಥೆ ಹೇಳುತ್ತಿಲ್ಲ. ನನ್ನಿಂದ ಒಂದು ತಪ್ಪಾಗಿದೆ. ತಪ್ಪು ಮಾಡಿದವರು ನಾಲ್ಕು ಜನರ ಮುಂದೆ ಒಪ್ಪಿಕೊಂಡು ಹಗುರಾಗುತ್ತಾರಂತೆ. ನನಗೆ ಇಷ್ಟಗಲ ಬಾಯಿ ಕೊಟ್ಟ ಕುಂಬಾರ ಮಾತು ಕೊಡುವುದನ್ನು ಮರೆತುಬಿಟ್ಟ. ಹಾಗಾಗಿ ನಾನು ಮಾಡಿದ ತಪ್ಪನ್ನು ಬೇರೊಬ್ಬಳು ಹೊತ್ತುಕೊಂಡು ತಿರುಗಬೇಕಾಯಿತು.

ನಾನು ಹುಟ್ಟಿದ ಊರು ಇಲ್ಲಿಂದ ಬಹಳ ದೂರ. ಅಲ್ಲಿ ಬಿಳಿ ಜೇಡಿಮಣ್ಣನ್ನು ಕಾಲಲ್ಲಿ ತುಳಿದು, ತಿಗರಿಗೆ ಏರಿಸಿ ನನಗೆ ಹೊಟ್ಟೆ, ಕೊರಳು, ಬಾಯಿ ಮಾಡಿದರು. ಮೇಲರ್ಧಕ್ಕೆ ಬೆಲ್ಲದ ಬಣ್ಣ, ಕೆಳಗರ್ಧಕ್ಕೆ ಗಟ್ಟಿ ಮಜ್ಜಿಗೆಯ ಬಣ್ಣ ಹಚ್ಚಿ ಆವಿಗೆಯಲ್ಲಿಟ್ಟು ಮೂರು ದಿನ ಸುಟ್ಟರು. ಹೊರಬಂದ ಮೇಲೆ ಒಂದು ಪರೀಕ್ಷೆ ಇತ್ತು. ನಮ್ಮೆಲ್ಲರಿಗೂ ಕುತ್ತಿಗೆಯವರೆಗೆ ನೀರು ತುಂಬಿ, ಒಣ ಹಲಗೆಯ ಮೇಲೆ ಸಾಲಾಗಿ ಕೂರಿಸಿದರು. ಸಂಜೆ ಯಜಮಾನ ಬಂದು ಒಬ್ಬೊಬ್ಬರನ್ನೇ ಎತ್ತಿ ಹಲಗೆ ಮುಟ್ಟಿ ನೋಡಿದ. ಒದ್ದೆ ಮಾಡಿದವರನ್ನು ಅಲ್ಲೇ ಒಡೆದು ಹಾಕಿದ. ನನ್ನ ಹಲಗೆ ಒಣಗಿಯೇ ಇತ್ತು. ನನ್ನ ಹೊಟ್ಟೆಯ ಮೇಲೆ ಎರಡು ಸಲ ತಟ್ಟಿ ಪಕ್ಕಕ್ಕಿಟ್ಟ. ಒಂದು ಹನಿಯನ್ನೂ ಹೊರಗೆ ಬಿಡದಿರುವುದೇ ಒಳ್ಳೆಯತನ ಎಂದು ನಾನು ಆ ದಿನ ಕಲಿತೆ. ಅದನ್ನು ಮರೆಯಲು ನನಗೆ ಅರ್ಧ ಆಯಸ್ಸು ಬೇಕಾಯಿತು.

ಹುಲ್ಲಿನಲ್ಲಿ ಸುತ್ತಿ ರೈಲಿನಲ್ಲಿ ತಂದು ನನ್ನನ್ನು ಕಡೂರಿನ ಸಂತೆಯಲ್ಲಿ ಇಳಿಸಿದರು. ಅಲ್ಲಿ ನನ್ನನ್ನು ಕೊಂಡವರು ಹಾಲಮ್ಮ ಎಂಬ ಗೃಹಿಣಿ. ಅವರ ಮನೆಯಲ್ಲಿ ಮಾವಿನಕಾಯಿ, ನಿಂಬೆಕಾಯಿ, ಹೇರಳೆಕಾಯಿ ಎಂದು ವರ್ಷಕ್ಕೊಂದು ಸಂಸಾರ ನನ್ನೊಳಗೆ ಬಾಳಿತು. "ಈ ಜಾಡೀಲಿ ಹಾಕಿದ್ದು ಕೆಡಲ್ಲ" ಎಂದು ಬಂದವರ ಮುಂದೆಲ್ಲ ಹೇಳುತ್ತಿದ್ದರು. ಮಗಳು ಸರ್ವಮಂಗಳಾ ಗಂಡನ ಮನೆಗೆ ಹೊರಟಾಗ ನನ್ನನ್ನು ಅವಳ ಮಡಿಲಲ್ಲಿಟ್ಟು ಕಳಿಸಿದರು. ಅರಸೀಕೆರೆಯವರೆಗೆ ಆ ಹುಡುಗಿ ನನ್ನನ್ನು ತಬ್ಬಿಕೊಂಡು ಅಳುತ್ತ ಬಂದಳು. ಕಣ್ಣೀರು ಬಿದ್ದದ್ದು ನನ್ನ ಮುಚ್ಚಳದ ಮೇಲೆ. ಅದೇನೂ ಒಳಗೆ ಇಳಿಯಲಿಲ್ಲ.

ರೈಲ್ವೆ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ಅವರ ಮನೆ. ಆ ಹುಡುಗಿ ಅಲ್ಲೇ ಸರ್ವಮಂಗಳಮ್ಮನಾದರು, ನಿರಂಜನ ಎಂಬ ಮಗನನ್ನು ಹೆತ್ತರು, ತಾಯಿಯನ್ನೂ ಯಜಮಾನರನ್ನೂ ಕಳೆದುಕೊಂಡರು. ರಕ್ತದೊತ್ತಡ ಬಂದ ಮೇಲೆ ಡಾಕ್ಟರು ಉಪ್ಪಿನಕಾಯಿ ಬಿಡಿಸಿದರು. ಅದೇ ವರ್ಷ ನನ್ನ ಮುಚ್ಚಳ ಒಡೆಯಿತು. ಅಟ್ಟಕ್ಕೆ ಹಾಕಲು ಅವರಿಗೆ ಮನಸ್ಸು ಬರಲಿಲ್ಲ. ಜಗಲಿಯ ಮೂಲೆಯಲ್ಲಿ ಸುಮ್ಮನೆ ಇಟ್ಟರು. ದಿನಾ ಸೆರಗಿನಿಂದ ಧೂಳು ಒರೆಸುತ್ತಿದ್ದರು.

ಆಮೇಲೆ ನಿರಂಜನನ ಹೆಂಡತಿಯಾಗಿ ದಾಕ್ಷಾಯಿಣಿ ಬಂದಳು. ಹಾಸನದಲ್ಲಿ ನರ್ಸಿಂಗ್ ಓದಿದವಳು. ಊರಿನ ಒಂದು ನರ್ಸಿಂಗ್ ಹೋಮಿನಲ್ಲಿ ಮಕ್ಕಳಿಗೆ ಇಂಜೆಕ್ಷನ್ ಕೊಡುವುದು ಅವಳ ಕೆಲಸ. ಜಗಲಿಯಲ್ಲಿ ಕೂತವರ ಮಾತು ನನ್ನ ಕಿವಿಗೆ ಬೀಳುತ್ತಿತ್ತು: "ಆ ಹೊಸ ಸಿಸ್ಟರ್ ಚುಚ್ಚಿದ್ರೆ ಮಗೂಗೆ ಗೊತ್ತೇ ಆಗಲ್ಲ ಕಣ್ರೀ, ಒಳ್ಳೆ ಕೈಗುಣ." ನಮ್ಮ ಕಡೆ ಡಾಕ್ಟರಿಗೂ ಕೈಗುಣ, ಅಡುಗೆಯವರಿಗೂ ಕೈಗುಣ, ಗಿಡ ನೆಡುವವರಿಗೂ ಕೈಗುಣ. ಒಳ್ಳೆಯದಾದರೆ ಕೈ ಹೊಗಳುತ್ತಾರೆ. ಕೆಟ್ಟದ್ದಾದರೂ ಕೈಯನ್ನೇ ಹಿಡಿಯುತ್ತಾರೆ.

ದಾಕ್ಷಾಯಿಣಿಗೆ ಗಿಡದ ಆಸೆ. ಅತ್ತೆಗೆ ಸೊಸೆಯ ಮೇಲೆ ಪ್ರೀತಿ ಇತ್ತು, ಇರಲಿಲ್ಲ ಎಂದು ಹೇಳಿದರೆ ನನ್ನ ನಾಲಿಗೆ ಬಿದ್ದುಹೋದೀತು. ತಮ್ಮ ತಾಯಿಯ ಜಾಡಿಯನ್ನೇ ತೊಳೆದು, ತಳಕ್ಕೆ ಹೆಂಚಿನ ಚೂರು ಹಾಕಿ, ಮೇಲೆ ಕೆಮ್ಮಣ್ಣು ಗೊಬ್ಬರ ತುಂಬಿ, "ತಗೋ, ನಿನ್ನ ಗಿಡಕ್ಕೆ" ಎಂದು ಕೊಟ್ಟರು.

"ಅತ್ತೆ, ತಳಕ್ಕೆ ತೂತು ಹಾಕ್ಸಿದೀರಾ?" ಎಂದು ದಾಕ್ಷಾಯಿಣಿ ಕೇಳಿದಳು.

"ಹೆಂಚಿನ ಚೂರು ಹಾಕಿದೀನಿ ಬಿಡೆ. ನೀರು ಯಾಕೆ ನಿಲ್ಲುತ್ತೆ?"

ಕೇಳಿದ್ದಕ್ಕೆ ಇದು ಉತ್ತರವಲ್ಲ. ಆದರೆ ಹೊಸ ಸೊಸೆ ಅತ್ತೆಯನ್ನು ಅಡ್ಡಪ್ರಶ್ನೆ ಕೇಳುವುದುಂಟೇ? ತೂತಿದೆ ಎಂದೇ ತಿಳಿದುಕೊಂಡಳು. ತಾಯಿಯ ಜಾಡಿಗೆ ತೂತು ಕೊರೆಸಲು ಸರ್ವಮಂಗಳಮ್ಮನಿಗೆ ಕೈ ಬಂದಿರಲಿಲ್ಲ. ಚೂರು ಹಾಕಿದರೆ ಸಾಕು ಎಂದು ತಮಗೆ ತಾವೇ ಹೇಳಿಕೊಂಡಿದ್ದರು. ನನಗಂತೂ ಸಂತೋಷವೇ ಆಯಿತು. ಸೋರದ ಜಾಡಿ ಸೋರದೆಯೇ ಉಳಿಯಿತಲ್ಲ ಎಂದು ಬೀಗಿದೆ.

ಮೊದಲು ನೆಟ್ಟದ್ದು ದೊಡ್ಡಪತ್ರೆ. ತಿಂಗಳೊಳಗೆ ಅದರ ದಪ್ಪ ಎಲೆಗಳು ಹಳದಿಯಾಗಿ ಉದುರಿದವು, ಕಾಂಡ ಕಪ್ಪಾಗಿ ಕುಸಿಯಿತು. ಅದರ ಬೇರು ನನ್ನ ಹೊಟ್ಟೆಯೊಳಗೆ ಉಸಿರಿಗೆ ಒದ್ದಾಡಿದ್ದು ನನಗೆ ಗೊತ್ತು. ತಳದಲ್ಲಿ ಹೆಂಚಿನ ಚೂರುಗಳ ಸುತ್ತ ನೀರು ನಿಂತಿತ್ತು. ನಾನು ಹಿಡಿದುಕೊಂಡೇ ಇದ್ದೆ. ಬಿಡುವುದು ನನಗೆ ಗೊತ್ತಿರಲಿಲ್ಲ.

ಆ ದಿನ ಎದುರು ಮನೆಯ ಪಂಕಜಮ್ಮ ಜಗಲಿಗೆ ಬಂದಿದ್ದರು. ಸತ್ತ ಗಿಡ ನೋಡಿ ಏನಾಯಿತೆಂದು ಕೇಳಿದರು. ಸರ್ವಮಂಗಳಮ್ಮ ನಗುತ್ತಲೇ ಅಂದರು: "ನಮ್ಮ ದಾಕ್ಷಿ ಕೈಗುಣ ಗಿಡಕ್ಕೆ ಆಗ್ಬರಲ್ಲ ಕಣ್ರೀ."

ಅಷ್ಟೇ. ಅದರಲ್ಲಿ ವಿಷ ಇರಲಿಲ್ಲ, ಮಾತಿಗೊಂದು ಮಾತು. ಆದರೆ ಮಾತು ನನ್ನಂಥದ್ದಲ್ಲ, ಅದು ಬಲು ಬೇಗ ಸೋರುತ್ತದೆ.

ಎರಡನೆಯದಾಗಿ ಲೋಳೆಸರ ಬಂತು. ದಾಕ್ಷಾಯಿಣಿಗೆ ಕೆಲಸ ಕಲಿಸಿದ ಹಾಸನದ ಹಿರಿಯ ಸಿಸ್ಟರ್ ನಿವೃತ್ತಿಯ ದಿನ ತಮ್ಮ ಮನೆಯ ಗಿಡದಿಂದ ಒಂದು ಮರಿ ಕಿತ್ತು ಕೊಟ್ಟಿದ್ದರು. "ಸುಟ್ಟ ಗಾಯಕ್ಕೆ ಇದಕ್ಕಿಂತ ತಂಪು ಕೈ ಇಲ್ಲ" ಎಂದು ಹೇಳಿದ್ದರಂತೆ. ಅದನ್ನು ನೆಡುವಾಗ ದಾಕ್ಷಾಯಿಣಿ ಮಗುವನ್ನು ಮಲಗಿಸುವ ಹಾಗೆ ಮಲಗಿಸಿ ಮಣ್ಣು ಒತ್ತಿದಳು. ಇದೊಂದು ಬದುಕಲಿ ಎಂದು ನಾನೂ ಬೇಡಿಕೊಂಡೆ. ಬೇಡಿಕೊಂಡು ಪ್ರಯೋಜನವೇನು, ಕೊಲ್ಲುವವನೇ ಕೈ ಮುಗಿದರೆ?

ಎರಡು ತಿಂಗಳಲ್ಲಿ ಬುಡದ ಎಲೆಗಳು ಬಿಳಿಚಿಕೊಂಡವು. ಪಂಕಜಮ್ಮ, "ಬಿಸಿಲು ಸಾಲ್ದು" ಎಂದರು. ನನ್ನನ್ನು ನೆರಳಿನಿಂದ ಎತ್ತಿ ನಡುಮಧ್ಯಾಹ್ನದ ಬಿಸಿಲಿಗೆ ಇಟ್ಟರು. ಹೀಗೆ ಒಮ್ಮೆಲೇ ಬಿಸಿಲಿಗೆ ಬಂದ ಎಲೆಗಳ ತುದಿ ಕೆಂಪಗೆ ಸುಟ್ಟುಹೋಯಿತು. ದಾಕ್ಷಾಯಿಣಿ ಗಾಬರಿಯಾಗಿ ಮತ್ತೆ ಜಗಲಿಗೆ ತಂದಳು. ಆಮೇಲೆ ಎಲೆಯ ಸಂದಿಯಲ್ಲಿ ಹತ್ತಿಯ ಎಳೆಯಂಥ ಬಿಳಿ ಹುಳು ಕಾಣಿಸಿತು. ಇದು ಅವಳಿಗೆ ಗೊತ್ತಿರುವ ಕೆಲಸ. ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ, ಇಂಜೆಕ್ಷನ್ನಿಗೆ ಮೊದಲು ತೋಳು ಒರೆಸುವಂತೆ, ಒಂದೊಂದು ಎಲೆಯ ಬುಡವನ್ನೂ ಒರೆಸಿದಳು. ವಾರಕ್ಕೊಂದು ಸಲದಂತೆ ಮೂರು ವಾರ. ಹುಳು ಹೋಯಿತು. ಅವಳ ಮುಖ ಅರಳಿತು. ಆದರೆ ರೋಗ ಇದ್ದದ್ದು ಎಲೆಯಲ್ಲಲ್ಲ. ಎಲೆ ಪಾಪ, ಕೆಳಗಿನ ಸುದ್ದಿಯನ್ನು ಮೇಲೆ ಹೇಳುತ್ತಿತ್ತು ಅಷ್ಟೆ.

ಎಲೆಗಳು ಮೆತ್ತಗಾದವು. ಒತ್ತಿದರೆ ಕೊಳೆತ ಸೌತೆಕಾಯಿಯ ಹಾಗೆ ಬೆರಳು ಒಳಗೆ ಹೋಗುತ್ತಿತ್ತು. ಎಲೆಗಳು ಜೋತುಬಿದ್ದದ್ದನ್ನು ಸರ್ವಮಂಗಳಮ್ಮ ನೋಡಿದರು. ಬಾಯಾರಿಕೆ ಎಂದುಕೊಂಡರು. ಸೊಸೆ ಬೆಳಿಗ್ಗೆ ಒಂದು ಲೋಟ ನೀರು ಹಾಕಿ ಕೆಲಸಕ್ಕೆ ಹೋದರೆ, ಮಧ್ಯಾಹ್ನ ಇವರು ಅಕ್ಕಿ ತೊಳೆದ ನೀರು ತಂದು ಸುರಿಯುತ್ತಿದ್ದರು. "ಕುಡಿ ತಾಯಿ, ಕುಡಿ" ಎನ್ನುತ್ತಿದ್ದರು. ಸೊಸೆಗೆ ಹೇಳುತ್ತಿರಲಿಲ್ಲ, ಹೇಳುವಂಥ ವಿಷಯ ಎಂದು ಅವರಿಗೆ ಅನ್ನಿಸಲಿಲ್ಲ. ದಿನಾ ಎರಡು ಸಲ ನೀರು ಬಂತು, ಒಂದು ಸಲವೂ ಹೋಗಲಿಲ್ಲ. ಬೇಡ ಎಂದು ಕೂಗಬೇಕೆನ್ನಿಸುತ್ತಿತ್ತು. ಬಾಯಿ ತುಂಬ ಮಣ್ಣು.

ಅಷ್ಟರಲ್ಲಿ ಆ ಮಾತು ನಾಲ್ಕು ಮನೆ ಸುತ್ತಿ ನರ್ಸಿಂಗ್ ಹೋಮಿನ ಬಾಗಿಲು ತಲುಪಿತ್ತು. ಒಂದು ಸಂಜೆ ದಾಕ್ಷಾಯಿಣಿ ಜಗಲಿಯ ಮೇಲೆ ಗಂಡನ ಪಕ್ಕ ಕೂತು ಅದನ್ನು ಹೇಳಿದಳು. ಪಂಕಜಮ್ಮನ ಸೊಸೆ ಮಗುವನ್ನು ಇಂಜೆಕ್ಷನ್ನಿಗೆ ಕರೆತಂದಿದ್ದಳಂತೆ. ದಾಕ್ಷಾಯಿಣಿಯನ್ನು ನೋಡಿ ಮಗುವನ್ನು ಎದೆಗೆ ಒತ್ತಿಕೊಂಡು, "ಬೇರೆ ಸಿಸ್ಟರ್ ಇಲ್ವಾ?" ಎಂದು ಕೇಳಿದಳಂತೆ. ಅದಾದ ಮೇಲೆ ಮತ್ತಿಬ್ಬರು ಕೇಳಿದರು.

"ಮೂಢರು, ಬಿಡು" ಎಂದ ನಿರಂಜನ.

"ಅವರು ಕೇಳಿದ್ದಕ್ಕಲ್ಲ ರೀ. ನನಗೇ ಈಗ ಸೂಜಿ ಹಿಡಿದ್ರೆ ಕೈ ನಡುಗುತ್ತೆ. ನಿನ್ನೆ ಒಂದು ಮಗೂಗೆ ಎರಡು ಸಲ ಚುಚ್ಚಬೇಕಾಯ್ತು. ಹಿಂದೆ ಯಾವತ್ತೂ ಹಾಗಾಗಿಲ್ಲ."

ಅವಳು ಕೈಗಳನ್ನು ಮಡಿಲಲ್ಲಿ ಕವುಚಿ ಇಟ್ಟುಕೊಂಡಿದ್ದಳು, ಬೇರೆ ಯಾರದೋ ವಸ್ತುವನ್ನು ಬಚ್ಚಿಟ್ಟುಕೊಂಡವಳಂತೆ. ಅವಳಿಂದ ಒಂದಡಿ ದೂರದಲ್ಲಿ ನಾನು ಕೂತಿದ್ದೆ, ಹೊಟ್ಟೆ ತುಂಬ ಕೊಳೆನೀರು ಇಟ್ಟುಕೊಂಡು. ಹೊರಗಿನಿಂದ ನೋಡಿದರೆ ನನ್ನಷ್ಟು ಸಂಭಾವಿತ ಜಾಡಿ ಇನ್ನೊಂದಿಲ್ಲ.

ಅಮಾವಾಸ್ಯೆಯ ದಿನ ಸರ್ವಮಂಗಳಮ್ಮ ಪೇಟೆಯಿಂದ ಇನ್ನೊಂದು ಲೋಳೆಸರ ತಂದರು. ಮನೆಗೆ ದೃಷ್ಟಿಯಾಗಿದೆ, ಅದಕ್ಕೇ ಗಿಡ ಸಾಯುತ್ತಿದೆ, ಸೊಸೆಯ ಮುಖವೂ ಬಾಡಿದೆ ಎಂದು ಅವರ ಲೆಕ್ಕ. ಬೇರು ತೊಳೆದು, ಅರಿಶಿನ ಕುಂಕುಮ ಹಚ್ಚಿ, ಕಪ್ಪು ದಾರ ಸುತ್ತಿದರು. ಬಾಗಿಲ ಮೇಲಿನ ಮೊಳೆಗೆ ಅದನ್ನು ತಲೆಕೆಳಗಾಗಿ ಕಟ್ಟಬೇಕು. ಮಂಡಿನೋವಿನ ಕಾಲಿಗೆ ಸ್ಟೂಲು ಹತ್ತಲಾಗಲಿಲ್ಲ. ಸೊಸೆಯನ್ನು ಕರೆದರು. ದಾಕ್ಷಾಯಿಣಿ ಹತ್ತಿ ಕಟ್ಟಿದಳು.

ಮೂರು ತಿಂಗಳು ಕಳೆದವು. ನನ್ನ ಲೋಳೆಸರಕ್ಕೆ ನಾಲ್ಕೇ ಎಲೆ ಉಳಿದಿದ್ದವು, ಅವುಗಳ ಬುಡವೂ ಕಂದುಬಣ್ಣಕ್ಕೆ ತಿರುಗಿತ್ತು. ದಾಕ್ಷಾಯಿಣಿ ಎರಡು ವಾರದಿಂದ ರಜೆಯಲ್ಲಿದ್ದಳು, ಮಧ್ಯಾಹ್ನವೆಲ್ಲ ಕೋಣೆಯಲ್ಲೇ ಮಲಗಿರುತ್ತಿದ್ದಳು. ಸೋಮವಾರ ರಾಜೀನಾಮೆ ಕೊಟ್ಟು ಬರುತ್ತೇನೆ ಎಂದು ಗಂಡನಿಗೆ ಹೇಳಿ, ಜಗಲಿಯ ಮೇಲೆ ಕೂತು ಕಾಗದವನ್ನೂ ಬರೆದಳು. ಸಹಿ ಹಾಕಿ ತಲೆಯೆತ್ತಿದಳು. ಎದುರಿಗೆ ಬಾಗಿಲು, ಬಾಗಿಲ ಮೇಲೆ ದೃಷ್ಟಿಗೆ ಕಟ್ಟಿದ ಲೋಳೆಸರ.

ಅದಕ್ಕೆ ಮಣ್ಣಿಲ್ಲ. ಮೂರು ತಿಂಗಳಿಂದ ಒಬ್ಬರೂ ಒಂದು ಹನಿ ನೀರು ಹಾಕಿಲ್ಲ. ಹೊರ ಎಲೆಗಳು ಸ್ವಲ್ಪ ಸೊರಗಿದ್ದರೂ ಹಸಿರು ಹಸಿರಾಗಿದ್ದವು. ತಲೆಕೆಳಗಾಗಿದ್ದರೂ ತುದಿಗಳನ್ನು ಬೆಳಕಿನ ಕಡೆ ಮೇಲಕ್ಕೆ ಬಗ್ಗಿಸಿಕೊಂಡು, ನಡುವೆ ಕಿರುಬೆರಳುದ್ದದ ಹೊಸ ಎಲೆಯನ್ನೂ ಬಿಟ್ಟಿತ್ತು.

"ನಿನ್ನನ್ನ ಕಟ್ಟಿದ್ದೂ ನಾನೇ ಅಲ್ವಾ?" ಎಂದಳು ದಾಕ್ಷಾಯಿಣಿ.

ತನ್ನ ಕೈ ನೋಡಿಕೊಂಡಳು. ಮತ್ತೆ ಅದನ್ನು ನೋಡಿದಳು. ಆಮೇಲೆ ತಿರುಗಿ ನನ್ನನ್ನು ನೋಡಿದಳು. ಅಷ್ಟು ವರ್ಷಗಳಲ್ಲಿ ಯಾರೂ ನನ್ನನ್ನು ಹಾಗೆ ಅನುಮಾನದಿಂದ ನೋಡಿರಲಿಲ್ಲ. ನನಗೆ ಹೆದರಿಕೆಯಾಯಿತು, ಹೆದರಿಕೆಯ ಕೆಳಗೆ ಎಲ್ಲೋ ಸಮಾಧಾನವೂ ಆಯಿತು.

ಎದ್ದು ಬಂದು ನನ್ನ ಮಣ್ಣಿನೊಳಗೆ ಬೆರಳು ಇಳಿಸಿದಳು. ಮೇಲೆ ಒಣಗಿದಂತಿದ್ದ ಮಣ್ಣು ಒಳಗೆ ಕೆಸರು. ಬೆರಳು ಮೂಸಿದಳು, ಮುಖ ಸಿಂಡರಿಸಿದಳು. ಗಿಡವನ್ನು ಹಿಡಿದು ಎತ್ತಿದರೆ ಅದು ತಡೆಯದೆ ಬಂದುಬಿಟ್ಟಿತು. ಹಿಡಿದುಕೊಳ್ಳಲು ಬೇರು ಎಲ್ಲಿತ್ತು? ಕಪ್ಪಗೆ ನೂಲಿನಂತಾಗಿತ್ತು. ನನ್ನನ್ನು ಓರೆ ಮಾಡಿದಳು. ಅರ್ಧ ಚೊಂಬಿನಷ್ಟು ನಾರುವ ನೀರು ಜಗಲಿಯ ಮೇಲೆ ಹರಿಯಿತು. ಮಣ್ಣು ಸುರಿದು, ನನ್ನನ್ನು ಕವುಚಿ, ತಳವನ್ನು ಅಂಗೈಯಿಂದ ಸವರಿದಳು.

"ಅತ್ತೆ, ಇಲ್ಲಿ ಬನ್ನಿ. ಇದಕ್ಕೆ ತೂತೇ ಇಲ್ಲ."

ಸರ್ವಮಂಗಳಮ್ಮ ಬಾಗಿಲಲ್ಲಿ ನಿಂತರು. ಅವರ ಕೈಯಲ್ಲಿ ಅಕ್ಕಿ ತೊಳೆದ ನೀರಿನ ಪಾತ್ರೆ ಇತ್ತು. ಸೊಸೆ ಪಾತ್ರೆ ನೋಡಿದಳು. ಏನನ್ನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು, ಬೈದಿದ್ದರೆ ಇನ್ನೂ ಚೆನ್ನಾಗಿತ್ತು. ಸರ್ವಮಂಗಳಮ್ಮ ಪಾತ್ರೆಯನ್ನು ಹಿಡಿದುಕೊಂಡೇ ಒಳಗೆ ಹೋದರು.

ದಾಕ್ಷಾಯಿಣಿ ಚಾಕು ಕುದಿಸಿ ತಂದಳು. ಕಪ್ಪು ಬೇರನ್ನೆಲ್ಲ, ಕೊಳೆತ ಬುಡವನ್ನೆಲ್ಲ, ಬಿಳಿ ತಿರುಳು ಕಾಣುವವರೆಗೆ ಕತ್ತರಿಸಿದಳು. ಮೆತ್ತಗಾಗಿದ್ದ ಎರಡು ಎಲೆ ತೆಗೆದಳು. ಉಳಿದದ್ದು ಎರಡು ಎಲೆ, ಒಂದು ಸುಳಿ. ಕತ್ತರಿಸಿದ ಜಾಗಕ್ಕೆ ಅರಿಶಿನ ಹಚ್ಚಿದಳು. ಕೊಳೆತದ್ದನ್ನೆಲ್ಲ ಬಳಿದು ಸುತ್ತಲು ಕೈಗೆ ಸಿಕ್ಕಿದ ಕಾಗದ ತೆಗೆದುಕೊಂಡಳು. ಅದು ಆಗಷ್ಟೇ ಬರೆದ ರಾಜೀನಾಮೆ. ಗೊತ್ತಿದ್ದೇ ತೆಗೆದುಕೊಂಡಳೋ ಗೊತ್ತಿಲ್ಲದೆಯೋ ನಾನು ಹೇಳಲಾರೆ. ಸುತ್ತಿ ಕಸಕ್ಕೆ ಹಾಕಿದ್ದಂತೂ ನಿಜ.

ಗಿಡ ನಾಲ್ಕು ದಿನ ನೆರಳಲ್ಲಿ ಪೇಪರಿನ ಮೇಲೆ ಮಲಗಿತ್ತು. ಎರಡನೆಯ ದಿನ ಸರ್ವಮಂಗಳಮ್ಮ ತಡೆಯಲಾರದೆ ಕೇಳಿದರು: "ಒಂದು ಚೂರೂ ನೀರು ಬೇಡ್ವೇನೆ?"

"ಬೇಡ ಅತ್ತೆ. ಗಾಯ ಒಣಗಬೇಕು. ಒಣಗಿದ ಮೇಲೇ ಮಣ್ಣು. ಮಣ್ಣಿಗೆ ಹೋದ ಮೇಲೂ ಒಂದು ವಾರ ನೀರಿಲ್ಲ. ಆಮೇಲೂ ಮಣ್ಣು ಪೂರ್ತಿ ಒಣಗಿದ್ಮೇಲೇ."

ಅವರು ತಲೆಯಾಡಿಸಿದರು. ಆ ನಾಲ್ಕು ದಿನ ನಾನು ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಕವುಚಿ ಬಿದ್ದಿದ್ದೆ. ಆಚೀಚೆ ಹೋಗುವಾಗ ಸರ್ವಮಂಗಳಮ್ಮ ನನ್ನ ಮುಂದೆ ನಿಲ್ಲುತ್ತಿದ್ದರು. ಸೆರಗಿನಿಂದ ಧೂಳು ಒರೆಸಲಿಲ್ಲ. ತಪ್ಪಿನಲ್ಲಿ ಜೊತೆಯಾದವರು ಒಬ್ಬರ ಮುಖ ಒಬ್ಬರು ನೋಡುವುದು ಸುಲಭವಲ್ಲ.

ಐದನೆಯ ದಿನ ಅವರು ಬೀದಿ ಕೊನೆಯ ಟೈಲ್ಸ್ ಕೆಲಸದ ಅನ್ಸರನನ್ನು ಕರೆಸಿದರು. ಅವನು ನನ್ನನ್ನು ತಿರುಗಿಸಿ ನೋಡಿ, "ಹಳೇ ಮಾಲು ಅಮ್ಮ, ಕೊರೆಯುವಾಗ ಸೀಳಿದ್ರೆ ನನ್ನನ್ನ ಅನ್ಬೇಡಿ" ಎಂದ.

"ಸೀಳಿದ್ರೆ ಸೀಳಲಿ. ಹಾಕು."

ನನ್ನ ತಳದ ಮೇಲೆ ಹನಿಹನಿ ನೀರು ಬಿಡುತ್ತ ಅವನು ಡ್ರಿಲ್ ಇಟ್ಟ. ನೋವಾಯಿತೇ ಎಂದು ಕೇಳಬೇಡಿ. ಹುಟ್ಟೂರಿನ ಯಜಮಾನ ತಟ್ಟಿ ಮೆಚ್ಚಿದ ಜಾಡಿ ಅಲ್ಲಿಗೆ ಮುಗಿಯಿತು. ನಾನು ಸೀಳಲಿಲ್ಲ.

ಡ್ರಿಲ್ಲಿನ ಸದ್ದಿಗೆ ಪಂಕಜಮ್ಮ ಗೇಟಿಗೆ ಬಂದರು. "ಇದೇನ್ರೀ, ನಿಮ್ಮ ತಾಯಿ ಕೊಟ್ಟ ಜಾಡಿಗೆ!"

"ಒಂದ್ನಿಮಿಷ ನಿಂತ್ಕೊಳ್ಳಿ ಪಂಕಜಮ್ಮ. ನಿಮ್ಮ ಹತ್ರ ಮಾತಾಡ್ಬೇಕು." ಸರ್ವಮಂಗಳಮ್ಮ ಮಂಡಿ ಹಿಡಿದುಕೊಂಡು ಎದ್ದರು. "ನಮ್ಮ ದಾಕ್ಷಿ ಕೈಗುಣ ಸರಿಯಿಲ್ಲ ಅಂತ ನಿಮ್ಮ ಹತ್ರ ಅಂದಿದ್ನಲ್ಲ, ಅದು ಸುಳ್ಳು. ಜಾಡಿಗೆ ತೂತಿರ್ಲಿಲ್ಲ. ಅವಳು ಕೇಳಿದಾಗ ನಾನು ಮಾತು ಮರೆಸಿದೆ. ಅದರ ಮೇಲೆ ದಿನಾ ಮಧ್ಯಾಹ್ನ ನೀರು ಸುರಿದಿದ್ದೂ ನಾನೇ. ಕೆಟ್ಟಿದ್ದು ಅವಳ ಕೈಯಲ್ಲ, ನನ್ನ ಬಾಯಿ."

"ಅಯ್ಯೋ, ಅದನ್ನ ಯಾಕೆ ಮನಸಿಗೆ ಹಚ್ಕೊಂಡಿದೀರಿ? ಮಾತಿಗೆ ಅಂದಿದ್ದಲ್ವಾ."

"ಮಾತಿಗೇ ಅಂದಿದ್ದು. ಅದನ್ನ ನೀವು ಎಲ್ಲೆಲ್ಲಿ ಹೇಳಿದ್ರೋ, ಇದನ್ನೂ ಅಲ್ಲೆಲ್ಲ ಹೇಳ್ಬಿಡಿ. ನಿಮ್ಮ ಸೊಸೆಗೆ ಮೊದಲು ಹೇಳಿ."

ಪಂಕಜಮ್ಮ ಸೆರಗು ಸರಿಮಾಡಿಕೊಂಡು ಹೋದರು. ಒಳಬಾಗಿಲಲ್ಲಿ ದಾಕ್ಷಾಯಿಣಿ ನಿಂತಿದ್ದಳು. ಅತ್ತೆ ಅವಳ ಕಡೆ ತಿರುಗಲಿಲ್ಲ, ಕೂತು ನನ್ನೊಳಗಿನ ಕೊರೆದ ಪುಡಿಯನ್ನು ತೊಳೆದರು. ನೀರು ಬಾಯಿಂದ ಬಂದು ತಳದಿಂದ ಹೋಯಿತು. ಹುಟ್ಟಿದಂದಿನಿಂದ ಹಿಡಿದುಕೊಂಡೇ ಬಂದ ನನಗೆ ಬಿಟ್ಟುಕೊಡುವುದು ಎಷ್ಟು ಹಗುರ ಎಂದು ಆಗ ತಿಳಿಯಿತು.

ಅರ್ಧ ಮರಳು, ಸ್ವಲ್ಪ ಇಟ್ಟಿಗೆ ಚೂರು, ಉಳಿದದ್ದು ಮಣ್ಣು ಕಲಸಿ ದಾಕ್ಷಾಯಿಣಿ ಆ ಎರಡು ಎಲೆಯ ಗಿಡವನ್ನು ಮತ್ತೆ ನನ್ನೊಳಗೇ ನೆಟ್ಟಳು. ನನ್ನನ್ನು ಒಡೆದುಹಾಕಿದ್ದರೂ ನಾನು ದೂರುತ್ತಿರಲಿಲ್ಲ. ತಿಂಗಳ ಮೇಲೆ ಬಿಳಿ ಬೇರಿನ ತುದಿಯೊಂದು ನನ್ನ ಒಳಗೋಡೆಯನ್ನು ಮುಟ್ಟಿತು. ರಾಜೀನಾಮೆ ಕೊಡಬೇಕಿದ್ದ ಆ ಸೋಮವಾರವೇ ಅವಳು ಕೆಲಸಕ್ಕೆ ಹೋಗಿದ್ದಳು. ಮೊದಮೊದಲು ಜನ ಹಿಂಜರಿದರಂತೆ, ಆಮೇಲೆ ಮರೆತರಂತೆ. ಜನ ಮರೆಯುತ್ತಾರೆ, ಅವರಿಗೇನು.

ಇದಾಗಿ ನಾಲ್ಕು ವರ್ಷ. ನನ್ನ ಮೆರುಗು ಹೋಗಿದೆ, ಕೊರಳಲ್ಲಿ ಬಿರುಕು ಬಂದಿದೆ, ಜಗಲಿಯ ಮೂಲೆಯಿಂದ ಇನ್ನೆಲ್ಲಿಗೂ ಹೋಗುವವನಲ್ಲ. ಲೋಳೆಸರ ದಷ್ಟಪುಷ್ಟವಾಗಿ ಬೆಳೆದು ಸುತ್ತ ಏಳೆಂಟು ಮರಿ ಹಾಕಿದೆ. ನಾನು ಹಗುರಾದೆನೇ? ನೀರೇನೋ ನಿಲ್ಲುವುದಿಲ್ಲ.

ಹೋದ ವಾರ ಪಂಕಜಮ್ಮ ಬಂದು ಒಂದು ಮರಿ ಕೇಳಿದರು. "ನೀನೇ ಕಿತ್ಕೊಡು ದಾಕ್ಷಿ" ಎಂದರು. ದಾಕ್ಷಾಯಿಣಿ ನಕ್ಕಳು, ಕೈ ಒರೆಸಿಕೊಂಡಳು, ಎರಡು ಹೆಜ್ಜೆ ಬಂದವಳು ನಿಂತುಬಿಟ್ಟಳು. "ಅತ್ತೆ, ನೀವೇ ಕೊಡಿ" ಎಂದಳು. ಆಸ್ಪತ್ರೆಯಲ್ಲಿ ದಿನಕ್ಕೆ ಮೂವತ್ತು ಮಕ್ಕಳನ್ನು ಹಿಡಿಯುವ ಕೈ ಅದು.

ಸರ್ವಮಂಗಳಮ್ಮನ ಮುಖ ಇಳಿಯಿತು. ಅವರು ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿ ಗೋಡೆಗೆ ಒರಗಿದರು. "ನಾನು ಮುಟ್ಟಲ್ಲ. ನೀನೇ ಕೊಡಬೇಕು" ಎಂದರು.

ದಾಕ್ಷಾಯಿಣಿ ಬಗ್ಗಿದಳು. ಅವಳ ಬೆರಳುಗಳು ನನ್ನ ಮಣ್ಣಿನೊಳಗೆ ಇಳಿದವು. ನಡುಗುತ್ತಿದ್ದವು. ಮೇಲೆ ನಿಂತ ಇಬ್ಬರಿಗೂ ಅದು ಕಾಣುತ್ತಿರಲಿಲ್ಲ, ನನಗೊಬ್ಬನಿಗೇ ಗೊತ್ತಾಯಿತು. ನಡುಗುತ್ತಲೇ ಮರಿಯ ಸುತ್ತ ಮಣ್ಣು ಸಡಿಲಿಸಿ, ಮೆಲ್ಲಗೆ ಮೇಲಕ್ಕೆತ್ತಿದಳು. ಒಂದು ಬೇರೂ ತುಂಡಾಗಲಿಲ್ಲ.